ತಮಾಷೆ ಬಂಗಲೆಯಿಂದ ಚಿತ್ರಶಾಲೆಯವರೆಗೆ: ಬೆಂಗಳೂರಿನ ಸಾರ್ವಜನಿಕ ಕಲಾಸಂಗ್ರಹಾಲಯ ಮತ್ತು ಅದರ ನೋಡುಗರು

ಸಂಗ್ರಹಾಲಯಗಳ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಮೂರು ಸಂಗತಿಗಳಿಗೆ ಪ್ರಾಶಸ್ತ್ಯ ದೊರೆಯುತ್ತದೆ. ಸ್ಥಾಪಿಸಿದವರು ಯಾರು, ಕಟ್ಟಡವನ್ನು ಕಟ್ಟಿದ್ದು ಯಾವಾಗ, ಸಂಗ್ರಹದಲ್ಲಿ ಇರುವ ವಸ್ತುಗಳು ಯಾವುವು ಎಂಬುವೇ ಆ ಮೂರು. ನಾಲ್ಕನೆಯದೊಂದು ಸಂಗತಿ ಇದೆ. ಅದು ಬಹುತೇಕ ದಾಖಲೆಯಿಂದ ಹೊರಗೇ ಉಳಿದಿದೆ. ಬಾಗಿಲು ದಾಟಿ ಒಳಗೆ ಬಂದ ಜನ ಯಾರು, ಅವರು ಏನನ್ನು ನೋಡಿದರು, ನೋಡಿದ್ದನ್ನು ಏನೆಂದು ಕರೆದರು ಎಂಬುದೇ ಅದು. ಸ್ಥಾಪಕರ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ವಸ್ತುಗಳ ಹೆಸರು ದಾಖಲೆ ಪುಸ್ತಕದಲ್ಲಿ ಉಳಿಯುತ್ತದೆ. ನೋಡುಗರು ಉಳಿಸಿಹೋಗುವುದು ಬಾಯಿಮಾತನ್ನು ಮಾತ್ರ. ಆದ್ದರಿಂದ ನೋಡುಗರ ಚರಿತ್ರೆಯನ್ನು ಕಟ್ಟಬೇಕಾದರೆ ಜಾನಪದದ ಅಧ್ಯಯನ ಕ್ರಮಗಳ ನೆರವು ಅನಿವಾರ್ಯವಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಹಾಗೂ ಅದರ ಪಕ್ಕದ ವೆಂಕಟಪ್ಪ ಚಿತ್ರಶಾಲೆಗಳನ್ನು ಮುಖ್ಯ ನಿದರ್ಶನಗಳನ್ನಾಗಿ ಇರಿಸಿಕೊಂಡು, ಸಾರ್ವಜನಿಕ ಕಲಾಸಂಗ್ರಹಾಲಯವು ಜನರದ್ದಾಗುವ ಬಗೆಯನ್ನು ವಿವೇಚಿಸಲಾಗಿದೆ. ಸಂಗ್ರಹಾಲಯವು ಸರ್ಕಾರದ ಒಡೆತನದಲ್ಲಿದ್ದ ಮಾತ್ರಕ್ಕೆ ಸಾರ್ವಜನಿಕವಾಗುವುದಿಲ್ಲ, ಪ್ರವೇಶ ಉಚಿತವಾದ ಮಾತ್ರಕ್ಕೂ ಆಗುವುದಿಲ್ಲ. ನೆರೆಯ ಜನ ಅದನ್ನು ಬಳಸಿ ರೂಢಿ ಮಾಡಿಕೊಂಡಾಗ ಮಾತ್ರ ಅದು ಅವರದ್ದಾಗುತ್ತದೆ ಎಂಬುದು ಇಲ್ಲಿನ ಮುಖ್ಯ ನಿಲುವು.

1. ಹೆಸರಿನೊಳಗಿನ ಚರಿತ್ರೆ

ಬೆಂಗಳೂರಿನ ವಸ್ತುಸಂಗ್ರಹಾಲಯದ ಸ್ಥಾಪನೆಗೆ ಕಾರಣರಾದವರು ವೈದ್ಯಾಧಿಕಾರಿ ಎಡ್ವರ್ಡ್ ಬಾಲ್‌ಫೋರ್. ಅದಕ್ಕೂ ಮುನ್ನ ಮದರಾಸಿನಲ್ಲಿ 1851ರಲ್ಲಿ ಆರಂಭವಾದ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಅನುಭವ ಅವರಿಗಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಬೆಂಬಲದಿಂದ 1865ರಲ್ಲಿ ಸಿದ್ಧತೆ ಆರಂಭವಾಗಿ, 1866ರಲ್ಲಿ ದಂಡು ಪ್ರದೇಶದ ಹಳೆಯ ಸೆರೆಮನೆಯ ಕಟ್ಟಡದಲ್ಲಿ ಸಂಗ್ರಹಾಲಯವು ತೆರೆಯಿತು. ಮುಂದೆ ಕರ್ನಲ್ ರಿಚರ್ಡ್ ಸ್ಯಾಂಕಿಯವರ ಕಾಲದಲ್ಲಿ, 1877ರ ಸುಮಾರಿಗೆ, ಉದ್ಯಾನದ ಅಂಚಿನ ಈಗಿನ ಕೆಂಪು ಕಟ್ಟಡ ಸಿದ್ಧವಾದ ಮೇಲೆ ಅದು ಅಲ್ಲಿಗೆ ಸ್ಥಳಾಂತರಗೊಂಡಿತು. ಸಂಗ್ರಹಾಲಯ ಬೇರೆಡೆಗೆ ಹೋದರೂ ಮೊದಲಿದ್ದ ಜಾಗದ ರಸ್ತೆಗೆ ಮ್ಯೂಸಿಯಂ ರಸ್ತೆ ಎಂಬ ಹೆಸರೇ ನಿಂತಿತು.

ಅಧಿಕೃತ ದಾಖಲೆಯಲ್ಲಿ ಅದು ಮ್ಯೂಸಿಯಂ. ಊರಿನ ಜನರ ಬಾಯಲ್ಲಿ ಅದು ‘ತಮಾಷೆ ಬಂಗಲೆ’. ಈ ಹೆಸರನ್ನು ಅಜ್ಞಾನದ ಕುರುಹೆಂದು ಬಗೆದು ನಕ್ಕು ಮುಂದೆ ಸಾಗುವುದು ಸುಲಭ. ಆದರೆ ಹೆಸರಿಡುವುದು ಜನಪದರ ಮಟ್ಟಿಗೆ ಒಂದು ವರ್ಗೀಕರಣ ಕ್ರಿಯೆ. ಅಪರಿಚಿತವಾದುದೊಂದು ಊರಿಗೆ ಬಂದಾಗ ಅದನ್ನು ತಮಗೆ ಪರಿಚಿತವಾದ ಯಾವ ಸಾಲಿನಲ್ಲಿ ಇರಿಸಬೇಕೆಂಬುದನ್ನು ಅವರು ಹೆಸರಿನ ಮೂಲಕವೇ ನಿರ್ಧರಿಸುತ್ತಾರೆ. ತಮಾಷೆ ಎಂಬುದು ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದ ಪದ. ಅದರ ಮೂಲದಲ್ಲಿ ಜೊತೆಯಾಗಿ ನಡೆದಾಡುವುದು ಎಂಬ ಭಾವವಿದೆ. ಅನಂತರ ಅಡ್ಡಾಡುತ್ತ ನೋಡುವುದು, ನೋಡತಕ್ಕ ಸೋಜಿಗ ಎಂಬ ಅರ್ಥಗಳು ಸೇರಿಕೊಂಡವು. ಕನ್ನಡದಲ್ಲಿ ಇಂದು ಉಳಿದಿರುವ ನಗೆಚಾಟಿಕೆ ಎಂಬ ಅರ್ಥ ಆ ವ್ಯಾಪ್ತಿಯ ಒಂದು ಅಂಚು ಮಾತ್ರ. ಹಾಗೆ ನೋಡಿದರೆ ಮನೆಮಂದಿಯೊಡನೆ ಕೂಡಿ ನಡೆಯುತ್ತ ಸೋಜಿಗಗಳನ್ನು ನೋಡುವ ಮನೆ ಎಂಬುದು ಸಂಗ್ರಹಾಲಯಕ್ಕೆ ಒಪ್ಪುವ ವಿವರಣೆಯೇ ಆಗಿದೆ.

ಇಂಥ ಹೆಸರುಗಳು ಬೆಂಗಳೂರಿಗಷ್ಟೇ ಸೀಮಿತವಲ್ಲ. 1814ರಲ್ಲಿ ಸ್ಥಾಪನೆಗೊಂಡ ಕಲ್ಕತ್ತೆಯ ಸಂಗ್ರಹಾಲಯವನ್ನು ಬಂಗಾಳಿ ಜನ ಇಂದಿಗೂ ಜಾದೂಘರ್ ಎನ್ನುತ್ತಾರೆ. ಲಾಹೋರಿನದು ಅಜಾಯಬ್ ಘರ್, ಅಂದರೆ ಅಚ್ಚರಿಗಳ ಮನೆ. ಮದರಾಸಿನ ಸಂಗ್ರಹಾಲಯವನ್ನು ತಮಿಳರು ‘ಸತ್ತ ಕಾಲೇಜು’ ಎಂಬರ್ಥದ ಹೆಸರಿನಿಂದ ಕರೆದರು. ಪ್ರಾಣಿಸಂಗ್ರಹಾಲಯ ‘ಜೀವವಿರುವ ಕಾಲೇಜು’ ಆಯಿತು. ಕಾಲೇಜು ಎಂಬ ಪದ ಇಲ್ಲಿ ಅಕಾರಣವಾಗಿ ಬಂದದ್ದಲ್ಲ. ಮದರಾಸಿನ ಸಂಗ್ರಹಾಲಯ ಮೊದಲು ತೆರೆದದ್ದು ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಕಟ್ಟಡದಲ್ಲಿ. ಸಂಗ್ರಹಾಲಯ ಅಲ್ಲಿಂದ ಹೊರಟುಹೋದ ಮೇಲೂ ಜನರ ನಾಲಗೆಯಲ್ಲಿ ಅದರ ಮೊದಲ ವಿಳಾಸ ಉಳಿದುಕೊಂಡಿತು. ಹೀಗೆ ಹಾಸ್ಯವೆಂದು ತೋರುವ ಹೆಸರೊಂದು ಚರಿತ್ರೆಯ ಒಂದು ಸಂಗತಿಯನ್ನು ತಪ್ಪಿಲ್ಲದೆ ಕಾಪಾಡಿಕೊಂಡು ಬಂದಿದೆ.

ಬಾಲ್‌ಫೋರರು ಈ ಜನಾಸಕ್ತಿಯನ್ನು ಅರಿತಿದ್ದರು. ಮದರಾಸಿನ ಸಂಗ್ರಹಾಲಯದಲ್ಲಿ ಜೀವಂತ ಹುಲಿ ಮರಿಯೊಂದನ್ನು ಇರಿಸಿದಾಗ ನೋಡುಗರ ಸಂಖ್ಯೆ ಬಹಳವಾಗಿ ಏರಿದ್ದನ್ನು ಗಮನಿಸಿದ ಅವರು, ಅಲ್ಲಿ ಪ್ರಾಣಿಸಂಗ್ರಹಾಲಯವೊಂದು ರೂಪುಗೊಳ್ಳಲು ಕಾರಣರಾದರು. ಆದರೆ ಆಳುವವರು ಜನರನ್ನು ಎಣಿಸಿದರೇ ಹೊರತು ಅವರ ಮಾತನ್ನು ಕೇಳಿಸಿಕೊಂಡದ್ದು ಕಡಿಮೆ. ಮುಂದೆ ಅದೇ ಸಂಗ್ರಹಾಲಯದ ಮೇಲ್ವಿಚಾರಕರಾದ ಎಡ್ಗರ್ ಥರ್ಸ್ಟನ್ ಅವರು ನೋಡಲು ಬಂದವರ ದೇಹದ ಅಳತೆಗಳನ್ನೇ ತೆಗೆದುಕೊಂಡು ತಮ್ಮ ಮಾನವಶಾಸ್ತ್ರೀಯ ಅಧ್ಯಯನಕ್ಕೆ ಬಳಸಿಕೊಂಡರು. ನೋಡಲು ಬಂದವರು ನೋಡಲ್ಪಟ್ಟರು. ವಸಾಹತುಕಾಲದ ಸಂಗ್ರಹಾಲಯಕ್ಕೂ ಅದರ ಬಾಗಿಲಿಗೆ ಬಂದ ಜನರಿಗೂ ಇದ್ದ ಸಂಬಂಧದ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ಅಪರೂಪ.

2. ಉಚಿತ ನೋಟ ಮತ್ತು ಮುಕ್ತ ನೋಟ

ಸಂಗ್ರಹಾಲಯಗಳು ಬರುವುದಕ್ಕೆ ಮೊದಲು ಕನ್ನಡ ನಾಡಿನ ಜನ ಚಿತ್ರ ಶಿಲ್ಪಗಳನ್ನು ಎಲ್ಲಿ ನೋಡುತ್ತಿದ್ದರು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಬೇಕು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಡು, ಶಿರಾ ಸಮೀಪದ ಸೀಬಿಯ ನರಸಿಂಹ ದೇವಾಲಯದ ಭಿತ್ತಿಚಿತ್ರಗಳು, ತೇರಿನ ಗಡ್ಡೆಯ ಮೇಲಿನ ಮರದ ಕೆತ್ತನೆಗಳು, ಕಿನ್ನಾಳದ ಚಿತ್ರಗಾರರು ಬಣ್ಣ ಹಾಕಿದ ದೇವತಾಮೂರ್ತಿಗಳು, ತೊಗಲು ಬೊಂಬೆಯವರ ಪರದೆ, ಮಲೆನಾಡಿನ ದೀವರ ಹೆಂಗಸರು ಗೋಡೆಯ ಮೇಲೆ ಬರೆದ ಹಸೆ. ಇವು ಯಾವುದಕ್ಕೂ ಟಿಕೆಟ್ಟು ಇರಲಿಲ್ಲ. ನೋಡುವುದೆಂಬ ಕ್ರಿಯೆ ಪೂಜೆ, ಜಾತ್ರೆ, ಮದುವೆ, ಮಳೆಗಾಗಿ ಆಡಿಸುವ ಆಟ ಮುಂತಾದ ಬದುಕಿನ ಸಂದರ್ಭಗಳೊಂದಿಗೆ ಹೆಣೆದುಕೊಂಡಿತ್ತು. ಕಲೆಯನ್ನು ನೋಡಲೆಂದೇ ಮನೆಯಿಂದ ಹೊರಡುವ ಪದ್ಧತಿ ಇರಲಿಲ್ಲ. ಹೊರಟಲ್ಲೆಲ್ಲ ಕಲೆ ಕಣ್ಣಿಗೆ ಬೀಳುತ್ತಿತ್ತು.

ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ದೇವಾಲಯದ ನೋಟ ಉಚಿತವಾಗಿತ್ತು, ಆದರೆ ಮುಕ್ತವಾಗಿರಲಿಲ್ಲ. ಊರಿನ ದೊಡ್ಡದೊಂದು ಜನವರ್ಗ ಗುಡಿಯ ಹೊಸ್ತಿಲಿನಿಂದ ಆಚೆಗೇ ನಿಲ್ಲಬೇಕಾಗಿತ್ತು. ಕಲ್ಲು ಹೊತ್ತವರ, ತೇರಿನ ಹಗ್ಗಕ್ಕೆ ನಾರು ಹೊಸೆದವರ, ತಮಟೆ ಬಾರಿಸಿದವರ ಕಣ್ಣಿಗೆ ಒಳಮಾಡಿನ ಚಿತ್ರಗಳು ನಿಲುಕಲಿಲ್ಲ. ಅರಮನೆಯ ಗೋಡೆಗಳ ಕಥೆಯೂ ಭಿನ್ನವಲ್ಲ. 1784ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಭವನದ ಯುದ್ಧಚಿತ್ರಗಳಾಗಲಿ, ಮೈಸೂರಿನ ಅರಮನೆಗಾಗಿ ರಚನೆಗೊಂಡ ಸಾಂಪ್ರದಾಯಿಕ ಚಿತ್ರಗಳಾಗಲಿ, ಮೊದಲಿಗೆ ಆಸ್ಥಾನಕ್ಕೆ ಸೇರಿದವರ ಕಣ್ಣಿಗೆಂದೇ ಆದವು.

ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಸಾರ್ವಜನಿಕ ಸಂಗ್ರಹಾಲಯದ ಬಾಗಿಲು ಹೊಸದೊಂದು ಬಗೆಯ ಬಾಗಿಲು. ಅಲ್ಲಿ ತತ್ತ್ವತಃ ಕುಲ ಕೇಳುವವರಿಲ್ಲ. ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಹೊಯ್ಸಳ ಕಾಲದ ಮೂರ್ತಿಯ ಎದುರು ಯಾರು ಬೇಕಾದರೂ ನಿಲ್ಲಬಹುದು. ಅದೇ ಮೂರ್ತಿ ಗುಡಿಯೊಳಗೆ ಇದ್ದ ಕಾಲದಲ್ಲಿ ಅದು ಸಾಧ್ಯವಿರಲಿಲ್ಲ. ಮೂರ್ತಿಯು ಪೂಜೆಯನ್ನು ಕಳೆದುಕೊಂಡಿತು. ಅದರ ಜೊತೆಗೆ ಹೊಸ್ತಿಲೂ ಇಲ್ಲವಾಯಿತು. ಸಂಗ್ರಹಾಲಯವು ಕಲೆಯನ್ನು ಅದರ ಸಂದರ್ಭದಿಂದ ಕಿತ್ತು ತರುತ್ತದೆ ಎಂಬ ಟೀಕೆಯನ್ನು ಜಾನಪದ ವಿದ್ವಾಂಸರು ಹಲವು ಬಾರಿ ಮಾಡಿದ್ದಾರೆ. ಆ ಟೀಕೆ ಸರಿಯಾದುದೇ. ಆದರೆ ಆ ಸಂದರ್ಭದೊಳಗೆ ಯಾರಿಗೆ ಜಾಗವಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯನ್ನೂ ಜೊತೆಯಲ್ಲಿಯೇ ಕೇಳಬೇಕಾಗುತ್ತದೆ.

ಹೊಸ ಬಾಗಿಲಿನೊಳಗೆ ಜನ ಬರುವಾಗ ಹಳೆಯ ನೋಟದ ರೂಢಿಗಳನ್ನು ಜೊತೆಗೆ ತಂದರು. ದೇವತಾಮೂರ್ತಿಯ ಮುಂದೆ ಚಪ್ಪಲಿ ಬಿಡುವುದು, ಮೂರ್ತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಕಥೆ ತಿಳಿದ ಹಿರಿಯರು ಮಕ್ಕಳಿಗೆ ಗಟ್ಟಿಯಾಗಿ ಹೇಳುವುದು ಸಂಗ್ರಹಾಲಯಗಳಲ್ಲಿ ಇಂದಿಗೂ ಕಾಣಸಿಗುವ ವರ್ತನೆಗಳು. ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಆತಕೂರು ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ದೊರೆ ಬೂತುಗನ ಕಾಲದ, ರಾಷ್ಟ್ರಕೂಟ ಚೋಳರ ಯುದ್ಧದ ಉಲ್ಲೇಖವಿರುವ ಮಹತ್ತ್ವದ ದಾಖಲೆ ಅದೆಂದು ಇತಿಹಾಸಕಾರರು ಬಲ್ಲರು. ಆದರೆ ಅಕ್ಷರ ಓದಲಾರದ ನೋಡುಗನನ್ನು ಅಲ್ಲಿ ನಿಲ್ಲಿಸುವುದು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಉಬ್ಬುಚಿತ್ರ. ತನ್ನ ನಾಯಿಗೆ ಕಲ್ಲು ನೆಡಿಸಿದ ಮನಲೆರನ ಕಥೆ ಯಾವ ವಿವರಣಾಫಲಕದ ನೆರವೂ ಇಲ್ಲದೆ ತಲುಪಬಲ್ಲ ಕಥೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಇನ್ನೊಂದು ಬಗೆಯ ನಿದರ್ಶನ ದೊರೆಯುತ್ತದೆ. 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿ 1915ರಿಂದ ಚಿತ್ರಸಂಗ್ರಹವಿದೆ. ಅಲ್ಲಿ ಜನರನ್ನು ಅತಿಹೆಚ್ಚು ಸೆಳೆದ ಕೃತಿ ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರ. ಅದನ್ನು ಬರೆದವರು ಮಹಾರಾಷ್ಟ್ರದ ಕಲಾವಿದ ಎಸ್.ಎಲ್. ಹಲ್ದಣಕರ್. ಆದರೆ ಅಸಂಖ್ಯ ನೋಡುಗರ ಬಾಯಲ್ಲಿ ಅದು ರವಿವರ್ಮನ ಚಿತ್ರ. ಕತ್ತಲೆಯಲ್ಲಿ ನೋಡಿದಾಗ ದೀಪ ತಾನೇ ಉರಿಯುತ್ತದೆ ಎಂಬ ಮಾತು ಒಬ್ಬರಿಂದ ಒಬ್ಬರಿಗೆ ಸಾಗಿಬಂದಿದೆ. ಕರ್ತೃವಿನ ಹೆಸರು ಅಳಿಸಿಹೋಗಿ, ಪ್ರಸಿದ್ಧನಾದ ಇನ್ನೊಬ್ಬನ ಹೆಸರು ಅಂಟಿಕೊಂಡು, ಪವಾಡದ ಅಂಶವೊಂದು ಸೇರುವುದು ಐತಿಹ್ಯ ಹುಟ್ಟುವ ಪರಿಚಿತ ಕ್ರಮ. ಅದು ಸಂಗ್ರಹಾಲಯದ ಗೋಡೆಗಳ ನಡುವೆಯೂ ನಡೆಯಬಲ್ಲದು ಎಂಬುದು ಗಮನಾರ್ಹ.

3. ಚಿತ್ರಗಾರ ಮನೆತನದಿಂದ ಚಿತ್ರಶಾಲೆಗೆ

ಸರ್ಕಾರಿ ಸಂಗ್ರಹಾಲಯದ ಪಕ್ಕದಲ್ಲಿಯೇ ನಿಂತಿರುವ ಚಿತ್ರಶಾಲೆಗೆ ಹೆಸರು ಕೊಟ್ಟ ಕೆ. ವೆಂಕಟಪ್ಪ (1886–1965) ಅವರ ಬದುಕು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮೈಸೂರಿನಲ್ಲಿ, ಆಸ್ಥಾನಕ್ಕಾಗಿ ಕೆಲಸ ಮಾಡುತ್ತಿದ್ದ ಚಿತ್ರಗಾರ ಮನೆತನವೊಂದರಲ್ಲಿ ಅವರು ಹುಟ್ಟಿದರು. ಚಿತ್ರಗಾರರ ಸಂಪ್ರದಾಯದಲ್ಲಿ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಕೃತಿಯ ಮೇಲೆ ಹೆಸರು ಬರೆಯುವ ರೂಢಿ ವಿರಳವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದ ವೆಂಕಟಪ್ಪ, ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಯಾಗಿ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ, 1913ರಲ್ಲಿ ಪ್ರಕಟವಾದ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಅವರು ಬರೆದ ರಾಮಾಯಣದ ಚಿತ್ರಗಳು ಸೇರಿದವು.

ಮೈಸೂರಿಗೆ ಮರಳಿದ ಮೇಲೆ ಅವರು ಊಟಿ ಮತ್ತು ಕೊಡೈಕನಾಲ್‌ಗಳ ನಿಸರ್ಗವನ್ನು ಜಲವರ್ಣದಲ್ಲಿ ಬರೆದರು, ದಂತದ ಮೇಲೆ ಕಿರುಭಾವಚಿತ್ರಗಳನ್ನು ರಚಿಸಿದರು, ಗಾರೆಯ ಉಬ್ಬುಶಿಲ್ಪಗಳಲ್ಲಿ ನಿರತರಾದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ಮದುವೆಯಾಗದೆ, ಮಿತವಾದ ಅಗತ್ಯಗಳಲ್ಲಿ ಬದುಕಿದ ಅವರಿಗೆ ಅರಮನೆಯ ಆಶ್ರಯವೇ ಪೂರ್ಣ ಆಧಾರವಾಗಿತ್ತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಆಧಾರ ತಪ್ಪಿತು. ಅರಮನೆಗಾಗಿ ಕೈಗೊಂಡ ಕೆಲಸಕ್ಕೆ ಸಂಬಂಧಿಸಿದಂತೆ ವ್ಯಾಜ್ಯ ಹುಟ್ಟಿ, ಆಸ್ಥಾನದ ಕಲಾವಿದನೇ ಅರಮನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ತಲೆಮಾರುಗಳಿಂದ ದೊರೆಯ ಅನುಗ್ರಹವೆಂದು ಭಾವಿಸಿದ್ದುದನ್ನು ಚಿತ್ರಗಾರನೊಬ್ಬ ತನ್ನ ಹಕ್ಕೆಂದು ಕೇಳಿದ ಅಪೂರ್ವ ಸಂದರ್ಭವಿದು. ಅನಂತರ ಬೆಂಗಳೂರಿಗೆ ಬಂದು ನೆಲೆಸಿದ ಅವರು ಕೊನೆಯವರೆಗೂ ಏಕಾಂತದಲ್ಲಿ ಉಳಿದರು.

ಅರಮನೆಯಿಂದ ದೂರವಾದ ಈ ಕಲಾವಿದನ ಕೃತಿಗಳು ಅವರ ನಿಧನಾನಂತರ ಸಾರ್ವಜನಿಕ ಸ್ವತ್ತಾಗಿ ಉಳಿದವು. ರಾಜ್ಯದ ರಾಜಧಾನಿಯಲ್ಲಿ ಕಲಾವಿದರಿಗೆ ಕೃತಿಗಳನ್ನು ಪ್ರದರ್ಶಿಸಲು ಯೋಗ್ಯವಾದ ಸ್ಥಳವಿಲ್ಲವೆಂಬ ಕೊರಗು ಆ ವೇಳೆಗೆ ಪ್ರಬಲವಾಗಿತ್ತು. ಎಂ. ಆರ್ಯಮೂರ್ತಿ, ಎಂ.ಎಸ್. ನಂಜುಂಡರಾವ್ ಮೊದಲಾದವರ ಪ್ರಯತ್ನದಿಂದ 1960ರಲ್ಲಿ ಚಿತ್ರಕಲಾ ಪರಿಷತ್ತು ರೂಪುಗೊಂಡಿತ್ತು. 1964ರಲ್ಲಿ ರಾಜ್ಯದ ಲಲಿತಕಲಾ ಅಕಾಡೆಮಿ ಸ್ಥಾಪನೆಯಾಯಿತು. ಇದೇ ಆಸೆ ಆಕಾಂಕ್ಷೆಗಳ ನಡುವೆ, 1970ರ ದಶಕದ ಮಧ್ಯಭಾಗದಲ್ಲಿ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆಯ ಕಟ್ಟಡ ತಲೆಯೆತ್ತಿತು. ಚಿತ್ರಶಾಲೆ ಎಂಬುದು ನಮ್ಮ ಹಳೆಯ ಕಾವ್ಯಗಳಿಗೆ ಪರಿಚಿತವಾದ ಪದ. ಅಲ್ಲಿ ಅದು ಅರಮನೆಯ ಅಂತಃಪುರದ ಸಮೀಪದ ಕೋಣೆ. ಇಲ್ಲಿ ಅದೇ ಪದ ಉದ್ಯಾನದ ಪಕ್ಕದ, ಬೀದಿಗೆ ಮುಖ ಮಾಡಿದ ಸರ್ಕಾರಿ ಕಟ್ಟಡವೊಂದಕ್ಕೆ ಸಂದಿತು. ಪದದ ಈ ಸ್ಥಾನಪಲ್ಲಟದಲ್ಲಿಯೇ ಒಂದು ಶತಮಾನದ ಸಾಮಾಜಿಕ ಪರಿವರ್ತನೆ ಅಡಗಿದೆ.

4. ಒಂದು ಕಟ್ಟಡ, ಎರಡು ಬಳಕೆ

ಚಿತ್ರಶಾಲೆಗೆ ಆರಂಭದಿಂದಲೂ ಎರಡು ಬಗೆಯ ಬಳಕೆಯಿತ್ತು. ಮೊದಲನೆಯದು ಶಾಶ್ವತ ಸಂಗ್ರಹ. ಇಲ್ಲಿ ವೆಂಕಟಪ್ಪನವರ ಕೃತಿಗಳಿವೆ; ಮುಂದೆ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರಾದ ಕೆ.ಕೆ. ಹೆಬ್ಬಾರರ (1911–1996) ಕೃತಿಗಳ ವಿಭಾಗವೂ ಸೇರಿಕೊಂಡಿತು. ಎರಡನೆಯದು ಕಲಾವಿದರು ಕಡಿಮೆ ಬಾಡಿಗೆಗೆ ಪಡೆಯಬಹುದಾಗಿದ್ದ ಪ್ರದರ್ಶನ ಸಭಾಂಗಣಗಳು. ಸಂಗ್ರಹದ ದೃಷ್ಟಿಯಿಂದ ಬರೆದ ವಿವರಣೆಗಳು ಮೊದಲನೆಯದನ್ನೇ ಚಿತ್ರಶಾಲೆಯೆಂದು ಪರಿಗಣಿಸುತ್ತವೆ. ನೋಡುಗರ ಹಾಗೂ ಸ್ಥಳೀಯ ಕಲಾವಿದರ ದೃಷ್ಟಿಯಿಂದ ಚಿತ್ರಶಾಲೆಯ ಜೀವ ಇದ್ದದ್ದು ಎರಡನೆಯದರಲ್ಲಿ.

ಖಾಸಗಿ ಗ್ಯಾಲರಿಯ ಬಾಡಿಗೆ ತೆರಲಾರದ ಯುವಕಲಾವಿದರು, ಜಿಲ್ಲೆಗಳಿಂದ ಬಂದ ಚಿತ್ರಕಲಾ ಶಿಕ್ಷಕರು, ಕಲಾಶಾಲೆಗಳಿಂದ ಆಗತಾನೇ ಹೊರಬಂದ ವಿದ್ಯಾರ್ಥಿಗಳ ಗುಂಪುಗಳು ತಮ್ಮ ಮೊದಲ ಪ್ರದರ್ಶನವನ್ನು ಇಲ್ಲಿ ಏರ್ಪಡಿಸಿದರು. ಆ ಪ್ರದರ್ಶನಗಳಿಗೆ ಪ್ರವೇಶ ಮುಕ್ತವಾಗಿರುತ್ತಿತ್ತು. ನೋಡಲು ಬಂದವರಲ್ಲಿ ಕಲೆಯ ಬಲ್ಲಿದರು ಇದ್ದಂತೆಯೇ ಉದ್ಯಾನದಲ್ಲಿ ತಿರುಗಾಡಿ ದಣಿದ ಸಂಸಾರಗಳು, ಪಕ್ಕದ ವಿಶ್ವೇಶ್ವರಯ್ಯ ಕೈಗಾರಿಕಾ ಸಂಗ್ರಹಾಲಯವನ್ನು ನೋಡಿ ಬಂದ ಶಾಲಾಮಕ್ಕಳು, ನೆರಳು ಹುಡುಕಿ ಬಂದವರೂ ಇರುತ್ತಿದ್ದರು. ಕಲೆಯನ್ನು ನೋಡಲೆಂದೇ ಹೊರಡದೆ, ಹೊರಟಲ್ಲಿ ಕಲೆ ಎದುರಾಗುವ ಹಳೆಯ ಕ್ರಮ ಇಲ್ಲಿ ಬೇರೊಂದು ರೂಪದಲ್ಲಿ ಮುಂದುವರಿಯಿತು.

ಸಮಕಾಲೀನ ಕಲೆಯ ಮಟ್ಟಿಗೆ ಇದಕ್ಕೆ ವಿಶೇಷ ಮಹತ್ತ್ವವಿದೆ. ಪ್ರಾಚೀನ ಶಿಲ್ಪದ ಮುಂದೆ ನಿಂತ ನೋಡುಗನಿಗೆ ಶಿಲ್ಪಿಯನ್ನು ಪ್ರಶ್ನಿಸುವ ಅವಕಾಶವಿಲ್ಲ. ಇಲ್ಲಾದರೋ ಚಿತ್ರ ಬರೆದವರು ಅದೇ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಇದೇನು, ಇದು ಯಾಕೆ ಹೀಗಿದೆ, ಇದಕ್ಕೆ ಎಷ್ಟು ದಿನ ಹಿಡಿಯಿತು ಎಂಬ ಪ್ರಶ್ನೆಗಳನ್ನು ನೇರವಾಗಿ ಕೇಳಬಹುದು. ಬೊಂಬೆಯಾಟದ ಪರದೆಯ ಹಿಂದೆ ಕುಳಿತವನನ್ನು ಆಟ ಮುಗಿದ ಮೇಲೆ ಊರವರು ಮಾತನಾಡಿಸುವಂತಹ ಸಂಬಂಧ ಇದು. ‘ಸ್ಥಳೀಯ ಕಲೆ’ ಎಂಬುದಕ್ಕೆ ಆ ಊರಿನಲ್ಲಿ ತಯಾರಾದ ಕಲೆ ಎಂಬ ಅರ್ಥ ಸಾಲದು. ಮಾಡಿದವನೂ ನೋಡುವವನೂ ಒಂದೇ ಸೂರಿನ ಕೆಳಗೆ ಮಾತನಾಡಬಹುದಾದ ಕಲೆ ಎಂದು ಅದನ್ನು ವಿವರಿಸಿಕೊಳ್ಳುವುದು ಹೆಚ್ಚು ಸಮಂಜಸ.

ಈ ಮಾತಿಗೆ ಪುಷ್ಟಿ ಕೊಡುವ ಬೇರೆ ನಿದರ್ಶನಗಳೂ ಬೆಂಗಳೂರಿನಲ್ಲಿವೆ. ಚಿತ್ರಕಲಾ ಪರಿಷತ್ತು 2003ರಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಆರಂಭಿಸಿದ ವಾರ್ಷಿಕ ಕಲಾಮೇಳಕ್ಕೆ ‘ಚಿತ್ರಸಂತೆ’ ಎಂದೇ ಹೆಸರಿಟ್ಟಿತು. ರಸ್ತೆಯೇ ಚಿತ್ರಶಾಲೆಯಾಗುವ ಆ ಒಂದು ದಿನ ಸೇರುವ ಜನಸಂದಣಿಯನ್ನು ಗಮನಿಸಿದರೆ, ಸಾಮಾನ್ಯ ಜನರಿಗೆ ಚಿತ್ರಕಲೆಯಲ್ಲಿ ಆಸಕ್ತಿಯಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಜನರಿಗೆ ಸಂತೆ ಗೊತ್ತು. ಸಂತೆಯಲ್ಲಿ ಹೇಗೆ ನಡೆಯಬೇಕು, ಹೇಗೆ ನಿಂತು ನೋಡಬೇಕು, ಕೊಳ್ಳದೆಯೂ ಹೇಗೆ ಬೆಲೆ ವಿಚಾರಿಸಬೇಕು ಎಂಬುದು ಗೊತ್ತು. ‘ತಮಾಷೆ ಬಂಗಲೆ’ ಎಂಬ ಹೆಸರನ್ನು ಹುಟ್ಟಿಸಿದ ನೋಟದ ರೂಢಿಯೇ ಚಿತ್ರಸಂತೆಯನ್ನೂ ತುಂಬಿಸುತ್ತದೆ.

5. ದತ್ತು ಎಂಬ ಪದ

ಚಿತ್ರಶಾಲೆಯ ಚರಿತ್ರೆಯಲ್ಲಿ 2016ನೆಯ ಇಸವಿ ಒಂದು ಮುಖ್ಯ ತಿರುವು. ಪ್ರವಾಸಿ ತಾಣಗಳನ್ನು ಖಾಸಗಿ ಸಂಸ್ಥೆಗಳು ದತ್ತು ತೆಗೆದುಕೊಳ್ಳುವ ಸರ್ಕಾರದ ಯೋಜನೆಯ ಅಡಿಯಲ್ಲಿ, ಚಿತ್ರಶಾಲೆಯನ್ನು ಒಂದು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವದಲ್ಲಿ ಪುನಾರೂಪಿಸುವ ಒಪ್ಪಂದ 2015ರಲ್ಲಿ ಆಗಿತ್ತು. ಅದು ಕಲಾವಲಯದ ಗಮನಕ್ಕೆ ಬಂದಾಗ ವಿರೋಧ ಎದ್ದಿತು. ಪುಷ್ಪಮಾಲಾ ಎನ್. ಅವರನ್ನೊಳಗೊಂಡಂತೆ ಅನೇಕ ಕಲಾವಿದರು ‘ವ್ಯಾಗ್ ಫೋರಂ’ ಎಂಬ ವೇದಿಕೆಯಾಗಿ ಸಂಘಟಿತರಾದರು. ಚಿತ್ರಶಾಲೆಯ ಅಂಗಳದಲ್ಲಿಯೇ ಚಿತ್ರ, ಹಾಡು, ಅಭಿನಯ, ಮಾತುಕತೆಗಳ ಮೂಲಕ ಪ್ರತಿಭಟನೆ ನಡೆಯಿತು.

ಈ ವಿವಾದದಲ್ಲಿ ಎರಡು ಕಡೆಯವರಿಗೂ ತಮ್ಮದೇ ಆದ ವಾದಗಳಿದ್ದವು. ಸಾರ್ವಜನಿಕ ಸಂಗ್ರಹಾಲಯಗಳ ನಿರ್ವಹಣೆಗೆ ಹಣ, ತಜ್ಞತೆ, ಸಂರಕ್ಷಣಾ ಸೌಕರ್ಯಗಳು ಬೇಕು. ಅವನ್ನು ಹೊರಗಿನಿಂದ ತರುವುದರಲ್ಲಿ ತಪ್ಪಿಲ್ಲ ಎಂಬುದು ಒಂದು ವಾದ. ಚಿತ್ರಶಾಲೆಯ ನಿರ್ವಹಣೆ ತೃಪ್ತಿಕರವಾಗಿರಲಿಲ್ಲ ಎಂಬುದನ್ನು ವಿರೋಧಿಸಿದವರೂ ಅಲ್ಲಗಳೆಯಲಿಲ್ಲ. ಆದರೆ ದುರಸ್ತಿಯ ಹೆಸರಿನಲ್ಲಿ ಆಡಳಿತ ಕೈಬದಲಾದರೆ ಏನನ್ನು ತೋರಿಸಬೇಕು, ಯಾರಿಗೆ ಸಭಾಂಗಣ ದೊರೆಯಬೇಕು ಎಂಬ ನಿರ್ಧಾರವೂ ಕೈಬದಲಾಗುತ್ತದೆ ಎಂಬುದು ಅವರ ಆತಂಕವಾಗಿತ್ತು. ಒಪ್ಪಂದದಲ್ಲಿ ಕಲ್ಪಿಸಿದ್ದ ರೂಪದಲ್ಲಿ ಆ ಯೋಜನೆ ಜಾರಿಗೆ ಬರಲಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ ಖಾಸಗಿ ಪ್ರಯತ್ನದಿಂದ ಪ್ರತ್ಯೇಕವಾಗಿ ರೂಪುಗೊಂಡ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂಥ ಸಂಸ್ಥೆಗಳಿಂದ ನಗರದ ಕಲಾಜೀವನಕ್ಕೆ ಲಾಭವೇ ಆಗುತ್ತದೆ. ಪ್ರಶ್ನೆಯಿದ್ದದ್ದು ಖಾಸಗಿ ಸಂಗ್ರಹಾಲಯ ಇರಬೇಕೇ ಎಂಬುದರ ಬಗ್ಗೆ ಅಲ್ಲ. ಈಗಾಗಲೇ ಜನರದ್ದಾಗಿರುವುದು ಯಾರ ಮಾತಿನಂತೆ ನಡೆಯಬೇಕು ಎಂಬುದರ ಬಗ್ಗೆ.

ಇಲ್ಲಿ ‘ದತ್ತು’ ಎಂಬ ಆಡಳಿತ ಪರಿಭಾಷೆಯನ್ನು ಜಾನಪದದ ಕಣ್ಣಿನಿಂದ ಪರಿಶೀಲಿಸುವುದು ಉಚಿತ. ನಮ್ಮ ಲೋಕರೂಢಿಯಲ್ಲಿ ದತ್ತು ಎಂಬುದು ಮಕ್ಕಳಿಲ್ಲದವರ ಮನೆಯ ಮಾತು, ಅಥವಾ ಹೆತ್ತವರು ಸಾಕಲಾರದ ಕೂಸಿನ ಮಾತು. ದತ್ತು ಕೊಡುವಾಗ ಬಂಧುಗಳನ್ನು ಕರೆದು, ಹತ್ತು ಜನರ ಎದುರಿನಲ್ಲಿ ಶಾಸ್ತ್ರ ಮಾಡುವ ಪದ್ಧತಿಯಿದೆ. ಬಂಧುಗಳಿಗೆ ತಿಳಿಯದೆ ಆದ ದತ್ತು ಊರಿನ ದೃಷ್ಟಿಯಲ್ಲಿ ಊರ್ಜಿತವಲ್ಲ. ಕಲಾವಿದರು ಅಂಗಳದಲ್ಲಿ ಬಂದು ಕುಳಿತದ್ದರ ಸಾಂಕೇತಿಕ ಅರ್ಥ ಇದೇ: ಈ ಮನೆಗೆ ವಾರಸುದಾರರು ಇದ್ದಾರೆ ಎಂದು ತೋರಿಸುವುದು. ಕಾಗದ ಪತ್ರದ ಪ್ರಕಾರ ಅವರು ಕೇವಲ ಬಾಡಿಗೆದಾರರು, ಇಲ್ಲವೇ ನೋಡುಗರು. ನಾಲ್ಕು ದಶಕಗಳ ಬಳಕೆಯ ಪ್ರಕಾರ ಅವರು ಹಕ್ಕುದಾರರು. ಊರ ಕೆರೆ, ಗೋಮಾಳ, ಸಂತೆಮೈದಾನಗಳ ಮೇಲೆ ಗ್ರಾಮಸಮುದಾಯಕ್ಕೆ ಇದ್ದ ಹಕ್ಕು ಇಂಥದ್ದೇ. ಅದು ಬರೆಹದಿಂದ ಬಂದದ್ದಲ್ಲ, ಬಳಕೆಯಿಂದ ಬಂದದ್ದು. ವೆಂಕಟಪ್ಪನವರು ಅರಮನೆಯ ವಿರುದ್ಧ ಎತ್ತಿದ ಹಕ್ಕಿನ ಪ್ರಶ್ನೆ, ಅವರ ಹೆಸರಿನ ಕಟ್ಟಡದ ಅಂಗಳದಲ್ಲಿ ಮತ್ತೊಮ್ಮೆ ಎದ್ದಿತೆಂಬುದು ಚರಿತ್ರೆಯ ಒಂದು ಸಾಂಗತ್ಯ.

6. ಎರಡು ಸಂಗ್ರಹಾಲಯಗಳ ನಡುವಿನ ಗೋಡೆ

ಈ ವಿವೇಚನೆಯಲ್ಲಿ ಇನ್ನೊಂದು ಅಂಶವನ್ನು ಬಿಡಲಾಗದು. ಕರ್ನಾಟಕದಲ್ಲಿ ಜನಪದ ವಸ್ತುಸಂಗ್ರಹಾಲಯಗಳು ಪ್ರತ್ಯೇಕವಾಗಿ ಬೆಳೆದವು. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀ ವಿಲಾಸ ಮಹಲಿನ ಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ಉದ್ಘಾಟನೆಗೊಂಡ ಜಾನಪದ ಲೋಕ ಇವುಗಳಲ್ಲಿ ಪ್ರಮುಖವಾದವು. ನಾಶದ ಅಂಚಿನಲ್ಲಿದ್ದ ಅಪಾರ ಸಾಮಗ್ರಿಯನ್ನು ಇವು ಉಳಿಸಿಕೊಟ್ಟಿವೆ. ಆದರೆ ಈ ವಿಭಜನೆಯಿಂದ ಒಂದು ಅನಪೇಕ್ಷಿತ ಪರಿಣಾಮವೂ ಉಂಟಾಯಿತು. ಚಿತ್ರಗಾರ ಮನೆತನದ ಒಬ್ಬ ಮಗ ಹೆಸರು ಪಡೆದು ಚಿತ್ರಶಾಲೆಯನ್ನು ಸೇರಿದರೆ, ಅದೇ ಪರಂಪರೆಯ ಉಳಿದವರ ಕೃತಿಗಳು ಹೆಸರಿಲ್ಲದೆ ಜನಪದ ಸಂಗ್ರಹಾಲಯವನ್ನು ಸೇರುತ್ತವೆ. ಅಲ್ಲಿನ ಫಲಕದಲ್ಲಿ ವಸ್ತುವಿನ ಹೆಸರು ಮತ್ತು ಊರು ಇರುತ್ತದೆ. ಮಾಡಿದವರ ಹೆಸರು ಅಪರೂಪ. ಇಂದು ಬದುಕಿದ್ದು ಇಂದೇ ಹಸೆ ಬರೆಯುವ ಹೆಣ್ಣುಮಗಳು ಸಮಕಾಲೀನ ಕಲಾವಿದೆಯೆಂದು ಪರಿಗಣಿತಳಾಗುವುದಿಲ್ಲ. ಸಮಕಾಲೀನತೆ ಎಂಬುದು ಕಾಲವನ್ನು ಸೂಚಿಸುವ ಪದವಾಗಿ ಉಳಿಯದೆ ಕಟ್ಟಡವನ್ನು ಸೂಚಿಸುವ ಪದವಾಗಿಬಿಟ್ಟಿದೆ.

ಈ ಗೋಡೆ ಅನಿವಾರ್ಯವಾದುದಲ್ಲ. ಮೈಸೂರಿನ ಜನಪದ ಸಂಗ್ರಹಾಲಯವನ್ನು ರೂಪಿಸಲು ಹಳ್ಳಿಹಳ್ಳಿಗಳನ್ನು ಸುತ್ತಿ ವಸ್ತುಗಳನ್ನು ಕಲೆಹಾಕಿದ ಪಿ.ಆರ್. ತಿಪ್ಪೇಸ್ವಾಮಿಯವರು ಸ್ವತಃ ಚಿತ್ರಕಲಾವಿದರಾಗಿದ್ದರು. ಅವರ ಒಂದೇ ಬದುಕಿನಲ್ಲಿ ಕುಂಚವೂ ಕ್ಷೇತ್ರಕಾರ್ಯವೂ ಕೂಡಿದ್ದವು. ಒಬ್ಬ ವ್ಯಕ್ತಿಯಲ್ಲಿ ಸಾಧ್ಯವಾದದ್ದು ಸಂಸ್ಥೆಗಳಿಗೆ ಅಸಾಧ್ಯವಾಗಬೇಕಿಲ್ಲ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಸಾರ್ವಜನಿಕ ಸಂಗ್ರಹಾಲಯದ ಬಾಗಿಲು ದೇವಾಲಯ ಮತ್ತು ಅರಮನೆಗಳ ಬಾಗಿಲಿಗಿಂತ ತತ್ತ್ವತಃ ಭಿನ್ನವಾದುದು. ಆ ಭಿನ್ನತೆಯನ್ನು ಉಳಿಸಿಕೊಳ್ಳುವುದು ಪ್ರವೇಶ ಶುಲ್ಕದ ಪ್ರಶ್ನೆಯಷ್ಟೇ ಅಲ್ಲ. ಶುಲ್ಕವಿಲ್ಲದಿದ್ದರೂ ಭಯ ಹುಟ್ಟಿಸುವ ಬಾಗಿಲುಗಳಿವೆ. ಚಪ್ಪಲಿ ಸವೆದವನು, ಇಂಗ್ಲಿಷ್ ಬಾರದವನು, ಮಗುವನ್ನು ಎತ್ತಿಕೊಂಡವಳು ಅಳುಕಿಲ್ಲದೆ ಒಳಗೆ ಕಾಲಿಡಬಲ್ಲರೇ ಎಂಬುದೇ ಸಾರ್ವಜನಿಕತೆಯ ಅಳತೆಗೋಲು. ಫಲಕಗಳು ಕನ್ನಡದಲ್ಲಿರುವುದು, ಕುಳಿತುಕೊಳ್ಳಲು ಜಾಗವಿರುವುದು, ಕಾವಲಿನವರು ಗದರಿಸದಿರುವುದು ಸಂಗ್ರಹದಷ್ಟೇ ಮುಖ್ಯವಾದ ಸಂಗತಿಗಳು.

ನೋಡುಗರ ಚರಿತ್ರೆಗೆ ಆಕರಗಳು ಇಲ್ಲವೆಂದಲ್ಲ. ಅವನ್ನು ಆಕರಗಳೆಂದು ಪರಿಗಣಿಸಿಲ್ಲ, ಅಷ್ಟೆ. ಪ್ರದರ್ಶನದ ಬಾಗಿಲಲ್ಲಿ ಇರಿಸಿದ ಅಭಿಪ್ರಾಯ ಪುಸ್ತಕಗಳು ಪ್ರದರ್ಶನ ಮುಗಿದೊಡನೆ ಕಲಾವಿದರ ಮನೆಯ ಅಟ್ಟ ಸೇರುತ್ತವೆ. ದಶಕಗಳ ಕಾಲ ಅದೇ ಕೋಣೆಗಳನ್ನು ಕಾಯ್ದ ಪರಿಚಾರಕರಿಗೆ ಯಾವ ಚಿತ್ರದ ಎದುರು ಜನ ನಿಲ್ಲುತ್ತಾರೆ, ಏನೆಂದು ಕೇಳುತ್ತಾರೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಅವರು ನಿವೃತ್ತರಾದಾಗ ಆ ತಿಳಿವಳಿಕೆಯೂ ಅವರೊಂದಿಗೆ ಹೊರಟುಹೋಗುತ್ತದೆ. ಹಾಡುಗಾರ್ತಿಯೊಬ್ಬಳು ತೀರಿಕೊಂಡಾಗ ನಷ್ಟವಾಗುವ ಪಠ್ಯದ ಬಗ್ಗೆ ಜಾನಪದ ವಿದ್ವತ್ತು ಕಾಳಜಿ ತೋರಿದೆ. ಅದೇ ಕಾಳಜಿ ಈ ಮೌಖಿಕ ಸಂಪತ್ತಿಗೂ ಸಲ್ಲಬೇಕಾಗಿದೆ. ಅಕಾಡೆಮಿಗಳು, ವಿಶ್ವವಿದ್ಯಾನಿಲಯಗಳ ಜಾನಪದ ಹಾಗೂ ಕಲಾಚರಿತ್ರೆಯ ವಿಭಾಗಗಳು ಕೂಡಿ ಈ ದಾಖಲಾತಿಯನ್ನು ಕೈಗೊಂಡರೆ ಕರ್ನಾಟಕದ ಕಲೆಯ ಚರಿತ್ರೆಗೆ ಇದುವರೆಗೆ ಇಲ್ಲದ ಒಂದು ಅಧ್ಯಾಯ ಸೇರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, 1866ರಲ್ಲಿ ಹಳೆಯ ಸೆರೆಮನೆಯೊಂದರಲ್ಲಿ ತೆರೆದ ಸಂಗ್ರಹಾಲಯವನ್ನು ಬೆಂಗಳೂರಿನ ಜನ ತಮ್ಮದೇ ಹೆಸರಿನಿಂದ ಕರೆದು ತಮ್ಮದನ್ನಾಗಿ ಮಾಡಿಕೊಂಡರು. ಒಂದೂವರೆ ಶತಮಾನದ ಅನಂತರ ಅದರ ಪಕ್ಕದ ಚಿತ್ರಶಾಲೆಯನ್ನು ಕಲಾವಿದರು ಅಂಗಳದಲ್ಲಿ ಕುಳಿತು ತಮ್ಮದೆಂದು ಸಾರಿದರು. ಈ ಎರಡು ಘಟನೆಗಳ ನಡುವೆ ಇರುವುದು ಒಂದೇ ಚರಿತ್ರೆ. ಬಂಗಲೆಯನ್ನು ಕಟ್ಟಿದವರ ಹೆಸರುಗಳು ದಾಖಲೆಯಲ್ಲಿವೆ. ಅದಕ್ಕೆ ತಮಾಷೆ ಬಂಗಲೆಯೆಂದು ಹೆಸರಿಟ್ಟವರು ಯಾರೆಂಬುದು ಎಲ್ಲಿಯೂ ಇಲ್ಲ. ಆದರೂ ಅವರಿಟ್ಟ ಹೆಸರು ಉಳಿದಿದೆ.